ಹನ್ನೆರಡನೆಯ ಸ್ಥಾನದಲ್ಲಿ ನಿಂತ ಹಾಡು

ಡೇಟನ್, ಓಹಾಯೋ
ಅಕ್ಟೋಬರ್ 19, 2004, ಮಂಗಳವಾರ ಬೆಳಿಗ್ಗೆ

ನನ್ನ ಗಂಟಲುಹರುಕ ಮೊಮ್ಮಗ ವೆಂಡೆಲ್‌ಗೆ,

ನಿನ್ನ ಅಜ್ಜಿ ಡೆಲ್ಫಿಯಾ ಬರೆಯುತ್ತಿದ್ದೇನೆ. ಮಂಡಿ ನೋವೊಂದು ಬಿಟ್ಟರೆ ಎಲ್ಲ ನೆಟ್ಟಗಿದೆ. ಫೋನಿನಲ್ಲಿ ಹೇಳುವುದನ್ನು ಕಾಗದದಲ್ಲಿ ಯಾಕೆ ಬರೆದೆ ಎಂದು ಕೇಳಬೇಡ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಕಾಗದದಲ್ಲಿ ನಿನಗೆ ಆ ಅನುಕೂಲ ಇಲ್ಲ. ಕೆಂಟಕಿಯ ಬೆಟ್ಟದ ಮೇಲಿನ ಒಂದೇ ಕೋಣೆಯ ಶಾಲೆಯಲ್ಲಿ ಆರನೇ ಕ್ಲಾಸಿನವರೆಗೆ ತಿದ್ದಿದ ಅಕ್ಷರ ಇದು. ಓದಲು ಕಷ್ಟವಾದರೆ ನಿಮ್ಮ ತಂಡದ ಡ್ರಮ್ ಬಾರಿಸುವವನ ಕೈಗೆ ಕೊಡು. ನಾಲ್ಕು ಮದುವೆಯಾದವನಿಗೆ ಸಿಟ್ಟಾದ ಹೆಂಗಸರ ಕಾಗದ ಓದಿ ಅಭ್ಯಾಸವಿರುತ್ತದೆ.

ಮೊನ್ನೆ ಭಾನುವಾರ ನೀನು ಫೋನ್ ಮಾಡಿದಾಗ ನಿನ್ನ ದನಿ ಸರಿಯಿರಲಿಲ್ಲ. "ಅಜ್ಜೀ, ಹಾಡು ಹನ್ನೆರಡರಲ್ಲೇ ನಿಂತುಬಿಟ್ಟಿದೆ, ಎರಡು ವಾರ ಆಯ್ತು" ಎಂದೆ. ದೇಶದ ರಾಕ್ ರೇಡಿಯೋಗಳು ಯಾವ ಹಾಡನ್ನು ವಾರಕ್ಕೆ ಎಷ್ಟು ಸಲ ಹಾಕಿದವೆಂದು ಎಣಿಸಿ ಮಾಡುವ ಆ ಪಟ್ಟಿಯಲ್ಲಿ ಹನ್ನೆರಡು ಅಂದರೆ ಕಡಿಮೆಯೇನಲ್ಲ ಎಂದು ನಾನು ಅಂದರೆ, ನೀನು ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದೆ. ಮೊದಲ ಹತ್ತರೊಳಗೆ ಬಂದರೆ ದೊಡ್ಡ ತಂಡದವರ ಜೊತೆ ಮುಂದಿನ ಬೇಸಿಗೆಯವರೆಗೂ ಊರೂರು ಸುತ್ತಿ ಹಾಡುವ ಅವಕಾಶ. ಬರದಿದ್ದರೆ ಉಳಿದ ಮೂವರೂ ತಮ್ಮ ತಮ್ಮ ಹಳೆಯ ತಂಡಗಳಿಗೆ ವಾಪಸ್. ನಿನ್ನ ಹಳೆಯ ತಂಡ ಮಾತ್ರ ಉಳಿದಿಲ್ಲ. ನೀನು ಮನೆಗೆ ಬಂದು ಮತ್ತೆ ಆ ಗ್ಯಾರೇಜಿನಲ್ಲಿ ಕಾರುಗಳ ಹೊಟ್ಟೆಯಡಿ ಮಲಗಬೇಕು. ಕೊನೆಗೆ ಒಂದು ಮಾತು ಅಂದೆಯಲ್ಲ, ಅದು ನನ್ನ ಎದೆಗೆ ಬಂದು ಕೂತಿತು. "ಬೇರೆ ಊರಿನ ರೇಡಿಯೋದವರೆಲ್ಲ ಕೇಳೋದು ಒಂದೇ ಅಜ್ಜಿ: ನಿಮ್ಮೂರಿನವರೇ ಇದನ್ನ ಸರಿಯಾಗಿ ಹಾಕ್ತಿಲ್ಲ, ನಾವ್ಯಾಕೆ ಹಾಕಬೇಕು?"

ನಾಲ್ಕು ಹೆಸರಾಂತ ತಂಡಗಳಿಂದ ಒಬ್ಬೊಬ್ಬರು ಬಂದು ಸೇರಿದ್ದೀರೆಂದು ಪತ್ರಿಕೆಯವರು ನಿಮ್ಮನ್ನು ಸೂಪರ್ ಗ್ರೂಪ್ ಎಂದು ಬರೆದಿದ್ದರು. ಹಳೆಯ ಅಂಗಿಗಳ ತುಂಡು ಸೇರಿಸಿ ನಾನೂ ಕೌದಿ ಹೊಲಿಯುತ್ತೇನೆ, ಅದಕ್ಕೆ ಯಾರೂ ಸೂಪರ್ ಅನ್ನುವುದಿಲ್ಲ. ಸಾಲದ್ದಕ್ಕೆ ಹೆಸರು ಬೇರೆ 'ಆರಿದ ಕುಲುಮೆ'! ಕಾರ್ಖಾನೆಗಳೆಲ್ಲ ಮುಚ್ಚಿದ ಊರಿನ ಹುಡುಗ ಇಡುವ ಹೆಸರೇ ಅದು? ಇರಲಿ. ಹೆಸರಿಟ್ಟಾಯಿತು, ಮೊದಲ ಹಾಡೂ ಬಂದಾಯಿತು.

ನಿನ್ನ ಪರವಾಗಿ ಇಲ್ಲಿ ಯಾರೂ ಸುಮ್ಮನೆ ಕೂತಿಲ್ಲ. ಪಕ್ಕದ ಮನೆಯ ಓವಾ ಚರ್ಚಿನ ಕೌದಿ ಗುಂಪಿನ ಹೆಂಗಸರನ್ನೆಲ್ಲ ಹುರಿದುಂಬಿಸಿ ದಿನಾ ನಮ್ಮೂರಿನ ರಾಕ್ ರೇಡಿಯೋಗೆ ಫೋನ್ ಮಾಡಿಸಿ ನಿನ್ನ 'ಕಾಯಬೇಡ' ಹಾಡು ಹಾಕಿ ಎಂದು ಕೇಳಿಸುತ್ತಿದ್ದಾಳೆ. ತಾನೂ ಮಾಡುತ್ತಾಳೆ, ಒಬ್ಬಳೇ ಎಂದು ಗೊತ್ತಾಗಬಾರದೆಂದು ದನಿ ಬದಲಿಸುತ್ತಾಳಂತೆ. ಮೊನ್ನೆ ರೇಡಿಯೋದ ಹುಡುಗ ಅವಳಿಗೆ, "ಓವಾ ಅವರೇ, ನಿನ್ನೆ ನೀವು ಕೆವಿನ್ ಆಗಿದ್ರಲ್ಲ, ಇವತ್ತು ಯಾರು?" ಎಂದು ಕೇಳಿದನಂತೆ. ಅದಕ್ಕವಳು, "ಕೆವಿನ್‌ನ ತಾಯಿ ಕಣಯ್ಯಾ, ಅವನಿಗೆ ನೆಗಡಿ" ಅಂದಳಂತೆ. ನಗಬೇಡ, ಎಪ್ಪತ್ತನಾಲ್ಕು ವರ್ಷದವಳು.

ನಿನ್ನೆ ಸೋಮವಾರ ನಾನು ಓವಾಳ ಕಾರಿನಲ್ಲಿ ಆ ರೇಡಿಯೋದವರ ಕಚೇರಿಗೇ ಹೋದೆ. ಚರ್ಚಿಗೆ ಹಾಕುವ ನೀಲಿ ಕೋಟು ಹಾಕಿಕೊಂಡಿದ್ದೆ. ಹಾಡು ಆರಿಸುವವನು ಬಂದ. ನಿನಗಿಂತ ಚಿಕ್ಕವನು, ಗಡ್ಡ ಮಾತ್ರ ಬೈಬಲಿನ ಮೋಶೆಯದು.

"ಏನಾಗಬೇಕಿತ್ತು ಅಮ್ಮಾ?" ಎಂದ.

"ನಮ್ಮ ಹುಡುಗನ ಹಾಡು ದಿನಕ್ಕೆ ಎರಡು ಸಲ, ಅದೂ ಜನ ಕಾರಲ್ಲಿ ಇಲ್ಲದ ಹೊತ್ತಲ್ಲಿ ಹಾಕ್ತೀಯಲ್ಲ, ನಿನಗೇನು ಅವನ ಮೇಲೆ ಹಗೆ?" ಎಂದೆ.

"ಹಗೆ ಎಲ್ಲಿಂದ ಬಂತಮ್ಮಾ! ನಾನು ಹೈಸ್ಕೂಲಿನಲ್ಲಿದ್ದಾಗ ವೆಂಡೆಲ್ ಕೂಂಬ್ಸ್ ಪೋಸ್ಟರ್ ನನ್ನ ಗೋಡೆ ಮೇಲಿತ್ತು. ಹಾಡು ನನಗಿಷ್ಟ. ಆದ್ರೆ ನನ್ನ ಇಷ್ಟ ಇಲ್ಲಿ ನಡೆಯಲ್ಲ."

"ಮತ್ತೆ ಯಾರದು ನಡೆಯುತ್ತೆ?"

ಅವನು ಒಂದು ಹಾಳೆ ತಂದು ತೋರಿಸಿದ. ಎರಡು ವಾರಕ್ಕೊಮ್ಮೆ ಈ ಊರಿನ ನೂರು ಜನಕ್ಕೆ ಫೋನ್ ಮಾಡಿ, ಒಂದೊಂದು ಹಾಡಿನ ಏಳೆಂಟು ಸೆಕೆಂಡಿನ ತುಣುಕು ಕೇಳಿಸಿ, ಒಂದರಿಂದ ಐದರವರೆಗೆ ಅಂಕ ಕೊಡಿ ಅನ್ನುತ್ತಾರಂತೆ. ಕೇಳಿ ಕೇಳಿ ಬೇಸರ ಬಂದಿದೆ ಎಂದು ಯಾರಾದರೂ ಅಂದರೆ ಅದು ಎಲ್ಲಕ್ಕಿಂತ ಕೆಟ್ಟದ್ದಂತೆ. "ಗಂಡಸರೆಲ್ಲ ನಾಲ್ಕು, ಐದು ಕೊಟ್ಟಿದ್ದಾರೆ ಅಮ್ಮಾ. ಮೂವತ್ತೈದರಿಂದ ನಲವತ್ತನಾಲ್ಕರೊಳಗಿನ ಹೆಂಗಸರು ನಮಗೆ ಸಿಗೋದೇ ಕಷ್ಟ, ಈ ಸಲ ಸಿಕ್ಕಿದ್ದು ನಾಲ್ಕೇ ಜನ. ಅದಕ್ಕೆ ಅವರ ಒಂದೊಂದು ಮಾತು ಮೂರು ಮೂರು ಗಂಡಸರ ಮಾತಿನಷ್ಟು ತೂಗುತ್ತೆ. ಅವರಲ್ಲಿ ಒಬ್ಬಾಕೆ ಒಂದು ಅಂಕ ಕೊಟ್ಟು, ಬೇಸರ ಬಂದಿದೆ, ಇನ್ನು ಯಾವತ್ತೂ ಕೇಳಿಸಬೇಡಿ ಅಂದಿದ್ದಾಳೆ. ಅದೇ ಎಳೆದುಹಾಕಿದ್ದು. ಇನ್ನೊಂದು ಸುತ್ತು ನೋಡಿ ಆಮೇಲೆ ಇಡೋದೋ ತೆಗೆಯೋದೋ ತೀರ್ಮಾನ ಮಾಡ್ತೀವಿ" ಎಂದ.

ಓವಾ ಅಲ್ಲೇ ಕೂಗಾಡಿದಳು. "ಯಾರವಳು ದರಿದ್ರದವಳು? ಹೆಸರು ಹೇಳು, ಅವಳ ಮನೆ ಬಾಗಿಲಿಗೇ ಹೋಗ್ತೀನಿ!" ನಾನು ಅವಳ ತೋಳು ಹಿಡಿದು ಹೊರಗೆ ಕರೆತಂದೆ. ದಾರಿಯುದ್ದಕ್ಕೂ, "ಏನೇ ಡೆಲ್ಫಿಯಾ, ಇವತ್ತು ನಿನ್ನ ಬಾಯಿ ಎಲ್ಲಿ ಬಿಟ್ಟು ಬಂದೆ?" ಎಂದು ಕೇಳುತ್ತಲೇ ಇದ್ದಳು.

ಆ ದರಿದ್ರದವಳು ನಾನೇ ಕಣೋ.

ಈಗ ಕಾಗದ ಕೆಳಗಿಟ್ಟು ನನಗೆ ಫೋನ್ ಮಾಡಬೇಡ, ಪೂರ್ತಿ ಓದು.

ಮಾರ್ಚ್ ತಿಂಗಳಲ್ಲಿ ಒಂದು ಬುಧವಾರ ಸಂಜೆ ಆರು ಗಂಟೆಗೆ ಫೋನ್ ಬಂತು. ನಾನು ಬೀನ್ಸ್ ಬೇಯಲು ಇಟ್ಟಿದ್ದೆ. ಆ ಕಡೆಯಿಂದ ಒಂದು ಹುಡುಗಿ, "ಲೊರೀನ್ ಕೂಂಬ್ಸ್ ಇದ್ದಾರಾ?" ಎಂದಳು. ನಿನಗೆ ಗೊತ್ತಲ್ಲ, ಈ ಫೋನನ್ನು ನಿನ್ನ ತಾಯಿ ತನ್ನ ಹೆಸರಲ್ಲೇ ತೆಗೆದುಕೊಂಡಿದ್ದಳು. ಫೋನ್ ಪುಸ್ತಕದಲ್ಲಿ ಇವತ್ತಿಗೂ ಅವಳ ಹೆಸರೇ ಇದೆ, ತೆಗೆಸಲು ನನಗೆ ಮನಸ್ಸು ಬಂದಿಲ್ಲ. ಅವಳು ಆ ರಾತ್ರಿಪಾಳಿ ಮುಗಿಸಿ ಮಂಜಿನ ರಸ್ತೆಯಲ್ಲಿ ಬರುವಾಗ ತೀರಿಹೋದ ಮೇಲೆ, ಹದಿನಾರು ವರ್ಷದಲ್ಲಿ ಯಾರೂ ಅವಳು ಇದ್ದಾಳಾ ಎಂದು ಕೇಳಿರಲಿಲ್ಲ. ಸತ್ತಳು ಎಂದು ಹೇಳಲು ಬಾಯಿ ತೆರೆದೆ. "ನಾನೇ ಲೊರೀನ್" ಎಂದುಬಿಟ್ಟೆ.

ವಯಸ್ಸು ಕೇಳಿದಳು. ನಲವತ್ತೊಂದು ಎಂದೆ. ಲೊರೀನ್ ಅದಕ್ಕಿಂತ ಮುಂದೆ ಹೋಗಲೇ ಇಲ್ಲವಲ್ಲ. ಮನೆಯಲ್ಲಿ ಯಾರಾದರೂ ರೇಡಿಯೋ, ಸಂಗೀತದ ಕೆಲಸದಲ್ಲಿದ್ದಾರಾ ಎಂದು ಕೇಳಿದಳು, ಇದ್ದರೆ ಲೆಕ್ಕಕ್ಕಿಲ್ಲವಂತೆ. "ಮನೆಯಲ್ಲಿ ಯಾರೂ ಇಲ್ಲ" ಎಂದೆ. ಅದು ಸುಳ್ಳಲ್ಲ.

ಆಮೇಲೆ ಎರಡು ವಾರಕ್ಕೊಮ್ಮೆ ಬುಧವಾರ ಆರು ಗಂಟೆಗೆ ಅವಳ ಫೋನ್ ಬರುತ್ತಿತ್ತು. ಹೆಸರು ಮರ್ಲಾ. ದೂರದ ಒಮಾಹಾ ಊರಿನ ದೊಡ್ಡ ಹಾಲಿನಲ್ಲಿ ನೂರು ಹುಡುಗಿಯರು ಕೂತು ಫೋನ್ ಮಾಡುತ್ತಾರಂತೆ, ಅವಳಿಗೆ ಕುರ್ಚಿ ಸರಿಯಿಲ್ಲವಂತೆ, ಬೆನ್ನು ನೋವು. ಬಿಸಿನೀರಿನ ಚೀಲ ಇಟ್ಟುಕೊಳ್ಳೇ ಎಂದೆ. "ಹೇಗಿದ್ದೀರಿ ಲೊರೀನ್? ಈ ವಾರ ಏನು ಅಡುಗೆ ಲೊರೀನ್?" ಅನ್ನುತ್ತಿದ್ದಳು. ಆ ಹಾಡುಗಳೆಲ್ಲ ನಾಯಿಯ ಬಾಲ ಬಾಗಿಲಿಗೆ ಸಿಕ್ಕ ಹಾಗೆ ಕೇಳುತ್ತಿದ್ದವು. ಬಾಯಿಗೆ ಬಂದ ಅಂಕ ಕೊಡುತ್ತಿದ್ದೆ. ಆ ಬುಧವಾರಗಳಲ್ಲಿ ಮಧ್ಯಾಹ್ನವೇ ತಲೆ ಬಾಚಿಕೊಂಡು ಕೂತಿರುತ್ತಿದ್ದೆ. ಫೋನಿನಲ್ಲಿ ಮುಖ ಕಾಣುವುದಿಲ್ಲ ಎಂದು ನನಗೂ ಗೊತ್ತು.

ಎರಡು ವಾರದ ಹಿಂದೆ ನಿನ್ನ ತುಣುಕು ಬಂತು. ಒಂದು ಅಂಕ ಕೊಟ್ಟೆ. ಯಾಕೆ ಕೊಟ್ಟೆ ಅಂದರೆ, ಹಾಡು ಚೆನ್ನಾಗಿಲ್ಲ. ಗಿಟಾರಿನ ಗದ್ದಲದಲ್ಲಿ ನಿನ್ನ ದನಿ ಬಾವಿಗೆ ಬಿದ್ದವನ ಕೂಗಿನ ಹಾಗಿದೆ. ನೀನು ಒಂಬತ್ತು ವರ್ಷದವನಿದ್ದಾಗ ಚರ್ಚಿನಲ್ಲಿ ಶ್ರುತಿ ತಪ್ಪಿದರೂ ನಾನು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೇನೆ. ನಿನ್ನ ಹಾಡಿನ ವಿಷಯದಲ್ಲಿ ನಾನು ಎಂದೂ ಸುಳ್ಳು ಹೇಳಿದವಳಲ್ಲ. ಅವರು ಕೇಳಿದರು, ನನಗೆ ಅನ್ನಿಸಿದ್ದನ್ನು ಹೇಳಿದೆ, ಅಷ್ಟೆ. ಆ ಒಂದು ಮಾತು ಮೂವರ ತೂಕ ತೂಗುತ್ತದೆ ಎಂದು ನನಗೇನು ಗೊತ್ತು?

ಸಿಟ್ಟು ಮಾಡಿಕೋ. ಆದರೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟಕ್ಕೆ ಬರಲಾಗದಿದ್ದರೆ ನನ್ನ ಚಿಂತೆ ಬೇಡ. ಓವಾ ಕರೆದಿದ್ದಾಳೆ, ಅವಳ ಅಳಿಯ ಟರ್ಕಿ ಕೋಳಿಯನ್ನು ಪ್ರತಿ ವರ್ಷವೂ ಬೂಟಿನ ಚರ್ಮ ಮಾಡಿಡುತ್ತಾನೆ, ಹಲ್ಲಿಗೆ ವ್ಯಾಯಾಮ. ನಿನ್ನ ಕೋಣೆಯಲ್ಲಿ ಹೊಲಿಗೆ ಮಿಷಿನ್ ಇಟ್ಟುಕೊಂಡಿದ್ದೇನೆ. ಒಣ ಸೇಬು ಹಾಕಿ ಪದರ ಕೇಕು ಮಾಡುವುದನ್ನೂ ಬಿಟ್ಟಿದ್ದೇನೆ, ಒಬ್ಬಳಿಗೆ ಏಳು ಪದರ ಯಾಕೆ? ನನಗೆ ಕೈತುಂಬ ಕೆಲಸ. ಬೇಜಾರು ಅಂದರೇನು ಎಂದು ಯೋಚಿಸಲೂ ಪುರುಸೊತ್ತಿಲ್ಲ.

ಬೆಚ್ಚಗಿರು, ಕುತ್ತಿಗೆಗೆ ಏನಾದರೂ ಸುತ್ತಿಕೋ, ಆ ಗಂಟಲೇ ನಿನ್ನ ಅನ್ನ.

ಬೈದರೂ ನಿನ್ನವಳೇ ಆದ
ಅಜ್ಜಿ ಡೆಲ್ಫಿಯಾ

ತಾಜಾ ಕಲಂ: ಗುರುವಾರ. ಈ ಕಾಗದ ಎರಡು ದಿನ ಮೇಜಿನ ಮೇಲೇ ಇತ್ತು. ಅಂಚೆಗೆ ಹಾಕಲು ಕೈ ಬರಲಿಲ್ಲ. ಮೇಲೆ ಬರೆದಿದ್ದರಲ್ಲಿ ಒಂದು ಸುಳ್ಳಿದೆ.

ಹಾಡು ಚೆನ್ನಾಗಿದೆ. ಅಡುಗೆಮನೆಯ ರೇಡಿಯೋದಲ್ಲಿ ಅದು ಬಂದಾಗಲೆಲ್ಲ ನಲ್ಲಿ ನಿಲ್ಲಿಸಿ ಕೇಳುತ್ತೇನೆ, ಪೂರ್ತಿ ಬಾಯಿಪಾಠ ಆಗಿದೆ. ಆದರೆ ಆ ದಿನ ಮರ್ಲಾ ಕೇಳಿಸಿದ ತುಣುಕಿನಲ್ಲಿ ನೀನು 'ನನಗಾಗಿ ಕಾಯಬೇಡ, ನಾನು ಬರುವುದಿಲ್ಲ' ಎಂದು ಕೂಗುತ್ತೀಯ, ಅಷ್ಟೇ ಇತ್ತು. ಏಳು ಸೆಕೆಂಡು. ಫೋನು ಕಿವಿಗೆ ಒತ್ತಿಕೊಂಡಿದ್ದೆ, ನೀನು ನನಗೇ ಹೇಳಿದ ಹಾಗಾಯಿತು. ಈ ಹಾಡು ಓಡದಿದ್ದರೆ ನೀನು ಮನೆಗೆ ಬರುತ್ತೀಯ ಎಂದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೇ ಒಂದು ಎಂದೆ. ಬೇಸರ ಬಂದಿದೆ ಎಂದೂ ಸೇರಿಸಿದೆ.

ನಿನ್ನೆ ಬುಧವಾರ. ಆರು ಗಂಟೆಗೆ ಮರ್ಲಾ ಫೋನ್ ಮಾಡಿ, "ಹೇಗಿದ್ದೀರಿ ಲೊರೀನ್?" ಎಂದಳು. ಇವತ್ತು ಆ ಹಾಡಿಗೆ ಐದು ಕೊಟ್ಟರೆ ಹಿಂದಿನ ಒಂದು ಅಳಿಸಿಹೋಗುತ್ತದಾ ಎಂದು ಕೇಳಿದೆ. "ಇಲ್ಲ ಲೊರೀನ್, ಅದೂ ಇರುತ್ತೆ, ಇದೂ ಇರುತ್ತೆ" ಎಂದಳು. ಹಾಗಾದರೆ ಅದನ್ನು ಹೇಗೆ ತೆಗೆಸುವುದು ಎಂದೆ. ಅಂಕ ಕೊಡುವವರ ಪಟ್ಟಿಯಲ್ಲಿ ಇರಬಾರದವರು ಇದ್ದರೆ ಮಾತ್ರ ಅವರು ಕೊಟ್ಟಿದ್ದೆಲ್ಲವನ್ನೂ ಹೊಡೆದುಹಾಕುತ್ತಾರಂತೆ.

ಹೇಳಿಬಿಟ್ಟೆ. ಲೊರೀನ್ ಹೋಗಿ ಹದಿನಾರು ವರ್ಷ ಆಯಿತು, ನಾನು ಅವಳ ತಾಯಿ, ಎಪ್ಪತ್ತೇಳು ವರ್ಷ, ಆ ಹಾಡು ಹಾಡುವವನು ನನ್ನ ಮೊಮ್ಮಗ.

ಹುಡುಗಿ, "ಹಾಗಾದ್ರೆ ಎಲ್ಲ ತೆಗೀಬೇಕಾಗುತ್ತೆ ಅಮ್ಮಾ, ಮಾರ್ಚ್‌ನಿಂದ" ಎಂದಳು. ಅಲ್ಲಿಯವರೆಗೆ ಎಂದೂ ಅಮ್ಮಾ ಅಂದಿರಲಿಲ್ಲ. "ತೆಗೆಯೇ" ಎಂದೆ. "ಈ ನಂಬರಿಗೆ ಇನ್ನು ಫೋನ್ ಮಾಡೋ ಹಾಗಿಲ್ಲ, ನನ್ನನ್ನ ಕ್ಷಮಿಸಿ" ಎಂದಳು. ಬೆನ್ನು ನೋಡಿಕೋ ಎಂದು ಹೇಳಿ ನಾನೇ ಇಟ್ಟೆ.

ಇವತ್ತು ಬೆಳಿಗ್ಗೆ ಆ ಗಡ್ಡದವನಿಗೂ ಫೋನ್ ಮಾಡಿದೆ. ಹಾಳೆ ತಿದ್ದಿ ಬಂದಿದೆಯಂತೆ, ನಿನ್ನ ಹಾಡು ಸೋಮವಾರದಿಂದ ದಿನಕ್ಕೆ ಆರು ಸಲವಂತೆ. ಹತ್ತರೊಳಗೆ ಹೋಗುತ್ತದೋ ಇಲ್ಲವೋ ನಾನು ಕಾಣೆ. ನಮ್ಮೂರಿನವರು ಹಾಕುತ್ತಿಲ್ಲ ಎಂದು ಇನ್ನು ಯಾರೂ ನಿನ್ನನ್ನು ಆಡಿಕೊಳ್ಳುವ ಹಾಗಿಲ್ಲ.

ಊರೂರು ಸುತ್ತಿ ಹಾಡಲು ಹೋಗು. ಚೆನ್ನಾಗಿ ಹಾಡು. ಆದರೆ ಎಲ್ಲಿದ್ದರೂ ಅಲ್ಲೊಂದು ಫೋನ್ ಇದ್ದೇ ಇರುತ್ತದೆ. ಬುಧವಾರ ಸಂಜೆ ಆರು ಗಂಟೆಗೆ ನಾನು ಮನೆಯಲ್ಲೇ ಇರುತ್ತೇನೆ.