ಲೈಟ್ ಹತ್ತುತ್ತದೆ, ಗಾಲಿ ತಿರುಗುವುದಿಲ್ಲ

ಜುಲೈ 3, ಗುರುವಾರ. ಬೆಳಿಗ್ಗೆ 6

ಎದ್ದ ಕೂಡಲೇ ಪಿಕಪ್‌ನ ಮೀಟರ್ ನೋಡಿ ಬಂದೆ. ಹಂಪಸಾಗರಕ್ಕೆ ಹೋಗಿ ಬರುವ ದೂರಕ್ಕಿಂತ ಆರು ಕಿಲೋಮೀಟರ್ ಜಾಸ್ತಿ. ಹುಲುಗೇಶನನ್ನು ಕೇಳಿದೆ. ಹನ್ನೊಂದು ವರ್ಷದಿಂದ ನನ್ನ ಗಾಡಿಯ ಡ್ರೈವರ್. ಮುಖ ಒರೆಸಿಕೊಳ್ಳುತ್ತಾ ಹೇಳಿದ:

"ಪಕ್ಕೀರಮ್ಮರ ಕುರಿ ನಿಂತ ಹೊಲದಾಗ ಹೂತುಬಿಡ್ತಣ್ಣ. ಫೋರ್ ವೀಲ್ ಹಿಡಿವಲ್ದು. ಟ್ರ್ಯಾಕ್ಟರ್ ಹಚ್ಚಿ ಎಳಸಿದೆ."

ಹೂತು ನಿಂತ ಗಾಡಿಯ ಮೀಟರ್ ಓಡುತ್ತದೆಯೇ?

"ಗಾಲಿ ನಿಂತಲ್ಲೇ ತಿರುಗಿದ್ರೂ ಓಡತೈತಿ" ಅಂದಳು ಮಂಜಮ್ಮ, ಒಳಗಿನಿಂದ. ಹೆಂಡತಿಯಾದವಳು ಡ್ರೈವರ್‌ನ ಪರ ವಕೀಲಿ ಮಾಡುವುದನ್ನು ನಮ್ಮ ಮನೆಯಲ್ಲೇ ನೋಡಬೇಕು.

ನಾನೇ ಸೀಟಲ್ಲಿ ಕೂತು ಸ್ವಿಚ್ ತಿರುಗಿಸಿದೆ. ಫೋರ್ ವೀಲ್ ಲೈಟ್ ಚೆನ್ನಾಗಿಯೇ ಹತ್ತಿತು. ಲೈಟ್ ಹತ್ತಿದ ಮೇಲೆ ಹಿಡಿಯದೆ ಏನು?

ಜುಲೈ 4, ಶುಕ್ರವಾರ

ಇಲ್ಲೇ ಕೊಟ್ಟೂರಲ್ಲಿ ಅರುಣಕುಮಾರನ ಗ್ಯಾರೇಜಿಗೆ ಒಯ್ದೆ. ಕೆಳಗೆ ಬಗ್ಗಿಯೂ ನೋಡಲಿಲ್ಲ. "ಗೇರ್‌ಬಾಕ್ಸ್ ಇಳಸ್ಬೇಕ್ರಿ. ನಾಕು ದಿನ ಗಾಡಿ ಬಿಟ್ಟು ಹೋಗ್ರಿ" ಅಂದ. ಬಿಟ್ಟು ಹೋದರೆ ನನ್ನ ಒಳ್ಳೆ ಸಾಮಾನು ಯಾರ ಗಾಡಿಗೆ ಕೂರುತ್ತದೋ. ಮಧ್ಯಾಹ್ನ ಬರುತ್ತೇನೆಂದು ವಾಪಸ್ ತಂದುಬಿಟ್ಟೆ.

ಮಗಳ ನೇಲ್ ಪಾಲಿಶ್ ತೆಗೆದುಕೊಂಡು ಬಾನೆಟ್ ಎತ್ತಿ, ಕೈಗೆ ಸಿಕ್ಕ ಸಾಮಾನಿಗೆಲ್ಲ ಕೆಂಪು ಚುಕ್ಕೆ ಇಟ್ಟೆ. ಇನ್ನು ಮೇಲೆ ಬದಲಾದರೆ ಗೊತ್ತಾಗುತ್ತದೆ. ಈಗಾಗಲೇ ಬದಲಾಗಿದ್ದರೆ? ಅದಕ್ಕೆ ಪಾಲಿಶ್ ಇಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬ ಇಂಥದೇ ಗಾಡಿ ತಂದಿದ್ದಾನೆ. ಹುಲುಗೇಶನನ್ನು ಕರೆಯುತ್ತಿದ್ದಾನೆಂದು ಸುದ್ದಿ. ಹೋಗುವವನು ಸುಮ್ಮನೆ ಹೋಗುತ್ತಾನೆಯೇ? ಇಲ್ಲಿಯ ಸಾಮಾನು ಅಲ್ಲಿಗೆ, ಅಲ್ಲಿಯ ಸವೆದದ್ದು ಇಲ್ಲಿಗೆ... ಬರೆಯಬಾರದು, ಆದರೂ ಅನಿಸಿದ್ದು ಅನಿಸಿದೆ.

ಜುಲೈ 7, ಸೋಮವಾರ

ಮತ್ತೆ ಹೂತಿತು. ಅದೇ ಹೊಲ. ಮೂರು ದಿನದ ಮಳೆ, ಎರೆ ಮಣ್ಣು ಮೊಣಕಾಲುದ್ದ ಆಗಿದೆ. ಪಕ್ಕೀರಮ್ಮ ಹೊಸಹಳ್ಳಿ ಕಡೆಯವಳು, ಇನ್ನೂರು ಕುರಿ ಅವಳದು. ಈಗಷ್ಟೇ ಈದ ಮರಿಗಳು ನೆಂದು ಸಾಯುವುದರೊಳಗೆ ಊರು ಮುಟ್ಟಿಸಬೇಕು. ಮಳೆಗಾಲದಲ್ಲಿ ಅಂಥ ಹೊಲಕ್ಕೆ ಇಳಿಯುವುದು ಈ ಸುತ್ತಿನಲ್ಲಿ ನನ್ನ ಗಾಡಿ ಒಂದೇ ಎಂದು ಹೆಸರು. ಹೆಸರು ಈಗ ಕೆಸರಲ್ಲಿದೆ.

ಪಕ್ಕೀರಮ್ಮ ಫೋನ್ ಮಾಡಿದಳು. "ನಿಮ್ಮ ಹುಲುಗೇಶ ಹದಿನಾಕು ಮರಿ ಹೊತ್ಕೊಂಡು ರಸ್ತಿಗೆ ತಂದಾನ್ರೀ. ಎರಡು ಉಳೀಲಿಲ್ಲ. ಇನ್ನೂ ಹದಿನೆಂಟು ಹಟ್ಟಿಯಾಗ ಅದಾವ. ಅವನ್ಯಾಂಗ ತರ್ತೀರೋ ನೋಡ್ರಿ."

ಒಳ್ಳೆಯದು ಮಾಡಿದ. ಯಾಕೆ ಮಾಡಿದ ಎನ್ನುವುದೇ ಪ್ರಶ್ನೆ. ತಪ್ಪು ಮಾಡಿದವನು ಹೆಚ್ಚು ಹೊರುತ್ತಾನೆ.

ಜುಲೈ 9, ಬುಧವಾರ

ಸಂಜೆ ಹುಲುಗೇಶ ಮನೆಗೆ ಹೊರಟು ನಿಂತಾಗ ಹೇಳಿಯೇಬಿಟ್ಟೆ. "ಇನ್ನು ಮ್ಯಾಲೆ ಬೀಗದ ಕೈ ಇಲ್ಲೇ ಇಟ್ಟು ಹೋಗು."

ಯಾಕೆ ಎಂದು ಕೇಳಲಿಲ್ಲ. ಉಡಿದಾರದಿಂದ ಬಿಚ್ಚಿ ಕಟ್ಟೆಯ ಮೇಲಿಟ್ಟು ಹೋದ. ಕೇಳಿದ್ದರೆ ಜಗಳ ಮಾಡಬಹುದಿತ್ತು. ಕೇಳದವನ ಹತ್ತಿರ ಏನು ಮಾಡುವುದು. ಮಂಜಮ್ಮ ರೊಟ್ಟಿ ಬಡಿಸಿದಳು, ಮಾತು ಬಡಿಸಲಿಲ್ಲ.

ಜುಲೈ 12, ಶನಿವಾರ

ಹರಪನಹಳ್ಳಿಯ ಪಾಲಾಕ್ಷಪ್ಪ ಫೋರ್ ವೀಲ್ ಬಲ್ಲವರು ಎಂದು ಯಾರೋ ಹೇಳಿದರು. ನಾನೇ ಓಡಿಸಿಕೊಂಡು ಹೋದೆ. ಹುಲುಗೇಶನನ್ನೂ ಕೂರಿಸಿಕೊಂಡೆ. ಜೊತೆಗಿರಲಿ ಎಂದಲ್ಲ. ಕಳ್ಳತನ ಹೊರಬಿದ್ದಾಗ ಅವನ ಮುಖ ನೋಡಬೇಕಿತ್ತು.

ಪಾಲಾಕ್ಷಪ್ಪ ಅರವತ್ತು ದಾಟಿದ ಮನುಷ್ಯ. ಜಾಕ್ ಕೊಟ್ಟು ಮುಂದಿನ ಗಾಲಿ ಎತ್ತಿದರು. ನನಗೆ ಸ್ವಿಚ್ ಹಾಕಲು ಹೇಳಿ, ಗಾಲಿಯನ್ನು ಕೈಯಲ್ಲಿ ತಿರುಗಿಸಿದರು. ಬುಗುರಿಯ ಹಾಗೆ ತಿರುಗಿತು.

"ಲೈಟು ಗೇರ್‌ಬಾಕ್ಸಿಂದು. ಗೇರ್‌ಬಾಕ್ಸ್ ಸರಿ ಐತೆ. ಮುಂದಿನ ಗಾಲಿ ಅದರ ಜೊತೆ ಲಾಕ್ ಆಗ್ತಿಲ್ಲ. ಇಂಜಿನ್ನಿಂದ ಗಾಲಿಗೆ ಒಂದು ಸಣ್ಣ ರಬ್ಬರ್ ಪೈಪ್ ಬರುತ್ತೆ. ಅದು ಗಾಳಿ ಎಳದ್ರೆ ಲಾಕ್ ಆಗುತ್ತೆ, ಇಲ್ಲಾಂದ್ರೆ ಇಲ್ಲ."

ಕೆಳಗೆ ತೂರಿದರು. ನಾನು ಹುಲುಗೇಶನ ಮುಖ ನೋಡುತ್ತಾ ನಿಂತೆ. ಪಾಲಾಕ್ಷಪ್ಪ ಹೊರಬಂದಾಗ ಕೈಯಲ್ಲಿ ಕಂಬಳಿಯ ಕರಿ ಉಣ್ಣೆ ದಾರ, ಅದರಲ್ಲಿ ಪೋಣಿಸಿದ ಕೇರುಬೀಜ, ಒಣಗಿದ ನಿಂಬೆಹಣ್ಣು, ಬಿಗಿಯಾಗಿ ಹೊಸೆದ ಬೈಂಡಿಂಗ್ ವೈರು.

"ಈ ವೈರು ಪೈಪಿನ ಕತ್ತು ಹಿಸುಕೈತೆ ನೋಡ್ರಿ. ದೃಷ್ಟಿಗೆ ಕಟ್ಟೋರು ಬಂಪರಿಗೆ ಕಟ್ತಾರೆ. ಒಳಗೆ ಹೋಗಿ ಕಟ್ಟಿದ ಪುಣ್ಯಾತ್ಮ ಯಾರು?"

ಇಲ್ಲಿ ಮಾತ್ರ ಬರೆಯುತ್ತೇನೆ. ಕಟ್ಟಿದ್ದು ನಾನೇ. ಹೋದ ಅಮಾವಾಸ್ಯೆಯ ಬೆಳಿಗ್ಗೆ, ಮನೆಯವರು ಏಳುವ ಮೊದಲು. ಎಲ್ಲಿ ಕಟ್ಟಿದೆ ಎಂದು ಹೇಳಿದರೆ ಫಲವಿಲ್ಲ ಎನ್ನುತ್ತಾರೆ, ಅದಕ್ಕೇ ಯಾವ ಮೆಕ್ಯಾನಿಕ್‌ಗೂ ಬಾಯಿ ಬಿಟ್ಟಿರಲಿಲ್ಲ. ಅದರಿಂದ ಗಾಡಿ ಕೆಟ್ಟೀತೆಂದು ಹೊಳೆಯಲೂ ಇಲ್ಲ. ಅದರ ಹಿಂದಿನ ದಿನ ಹುಲುಗೇಶ ಗಾಡಿ ತೊಳೆಯುತ್ತಾ, "ಇಂಥಾದೊಂದು ನಂದೂ ಆಗ್ಬೇಕು ಕಾಂತಣ್ಣ" ಅಂದಿದ್ದ. ಅಷ್ಟೇ ಅಂದದ್ದು. ಕೇಳಿ ನನಗೆ ನಿದ್ದೆ ಬಂದಿರಲಿಲ್ಲ.

ಪಾಲಾಕ್ಷಪ್ಪ ನನ್ನನ್ನೇ ನೋಡುತ್ತಿದ್ದರು. ಗ್ಯಾರೇಜಿನಲ್ಲಿ ನಾಲ್ಕೈದು ಜನ.

"ನಾನಾರೀ" ಅಂದ ಹುಲುಗೇಶ.

"ಡ್ರೈವರ್ ಆಗಿ ಇಷ್ಟೂ ಗೊತ್ತಾಗಲ್ಲವೇನಯ್ಯ ನಿನಗೆ?" ಪಾಲಾಕ್ಷಪ್ಪ ಬೈದರು. ಜನ ನಕ್ಕರು. ಹುಲುಗೇಶ ತಲೆ ತಗ್ಗಿಸಿ ಬೈಸಿಕೊಂಡ. ನಾನು ನಿಂತೇ ಇದ್ದೆ.

ಹೊಸ ಪೈಪು ಹಾಕಿದರು. ಅರ್ಧ ಗಂಟೆಯ ಕೆಲಸ. ಈಗ ಸ್ವಿಚ್ ಹಾಕಿದರೆ ಗಾಲಿ ಗಟ್ಟಿಯಾಗಿ ಹಿಡಿಯುತ್ತದೆ. ವಾಪಸ್ ಬರುವಾಗ ಚಿಗಟೇರಿ ದಾಟುವವರೆಗೂ ರಸ್ತೆಯನ್ನೇ ನೋಡುತ್ತಾ ಓಡಿಸಿದೆ.

ಜುಲೈ 13, ಭಾನುವಾರ

ತನ್ನ ಮೇಲೆ ಯಾಕೆ ಹಾಕಿಕೊಂಡ? ಏನಾದರೂ ಉದ್ದೇಶ ಇರಲೇಬೇಕು. ನಾಳೆ ಇದನ್ನೇ ಹಿಡಿದು ಆಡಿಸುತ್ತಾನೋ? ತಡೆಯಲಾರದೆ ಮಂಜಮ್ಮನಿಗೆ ಎಲ್ಲ ಹೇಳಿದೆ.

"ನಾಕು ಮಂದಿಯೊಳಗ ನಿಮ್ಮ ಮಾನ ಉಳಿಸ್ಯಾನ. ಅದ್ರಾಗೂ ಹುಳುಕು ಹುಡುಕ್ತೀರಲ್ಲ, ನಿಮ್ಗೇನು ಹೇಳ್ಬೇಕು ನಾನು."

ನಾಚಿಕೆಯಾಯಿತು. ನಿಜವಾಗಿ ಆಯಿತು. ಹನ್ನೊಂದು ವರ್ಷದಲ್ಲಿ ಅವನು ಒಂದು ನಟ್ಟು ಕದ್ದದ್ದಿಲ್ಲ. ಹುಡುಕದೆ ಬಿಟ್ಟಿರಲಿಲ್ಲ ನಾನು.

ಜುಲೈ 14, ಸೋಮವಾರ

ಕರೆಯದಿದ್ದರೂ ಬೆಳಿಗ್ಗೆ ಬಂದ. "ಹದಿನೆಂಟು ಮರಿ ಉಳಿದಾವ. ನಡೀರಿ" ಅಂದ. ನಾನೂ ಪಕ್ಕದಲ್ಲಿ ಕೂತೆ. ಅದೇ ಹೊಲ, ಅದೇ ಕೆಸರು. ಸ್ವಿಚ್ ಹಾಕಿದ. ಗಾಡಿ ಒಮ್ಮೆ ನಡುಗಿ, ಮುಂದಿನ ಗಾಲಿಗಳು ಮಣ್ಣು ಕಚ್ಚಿ ಮೇಲೆದ್ದವು. ಎಲ್ಲ ಮರಿಗಳನ್ನೂ ಹೊಸಹಳ್ಳಿಗೆ ಮುಟ್ಟಿಸಿದೆವು. ಪಕ್ಕೀರಮ್ಮ ಅವನ ಹಣೆಗೆ ಭಂಡಾರ ಹಚ್ಚಿದಳು.

ಮನೆಗೆ ಬಂದು ಗಾಡಿ ತೊಳೆದ. ಕೈ ಒರೆಸಿಕೊಂಡು ಬಂದು ನಿಂತ.

"ನಾಳಿಂದ ಹಗರಿಬೊಮ್ಮನಹಳ್ಳಿಗೆ ಹೊಂಟೀನಿ ಅಣ್ಣ. ಮದ್ಲು ಬರಂಗಿಲ್ಲ ಅಂದಿದ್ದೆ ಅವರಿಗೆ. ನಿನ್ನೆ ಹೂಂ ಅಂದೆ."

ನಾನು ಗಾಡಿಯ ಕಡೆ ನೋಡಿದೆ, ಅವನೇ ಮುಂದುವರಿಸಿದ.

"ಅಮಾಸಿ ದಿನ ನಸುಕಿನ್ಯಾಗ ಡ್ಯೂಟಿಗೆ ಬಂದಿದ್ದೆ. ನೀವು ಗಾಡಿ ಕೆಳಗ ಇದ್ರಿ. ಏನೋ ದೇವರ ಕೆಲಸ ಇರಬೇಕು ಅಂತ ತಿರುಗಿ ಹೋದೆ. ಹರಪನಹಳ್ಯಾಗ ಆ ದಾರ ನೋಡಿದ ಮ್ಯಾಲೆ ತಿಳೀತು. ಖರೇ ಹೇಳ್ರಿ. ಯಾರ ಕಣ್ಣಿಗಂತ ಕಟ್ಟಿದ್ರಿ ಅದನ್ನ?"

"ಮಂದಿ ಕಣ್ಣಿಗಪ್ಪ. ಊರ ಮಂದಿ" ಅಂದೆ.

"ಹಂಗಾದ್ರ ಸರಿ ಬಿಡ್ರಿ" ಅಂದ. ನಂಬಿದ ಹಾಗೆ ತಲೆಯಾಡಿಸಿದ. ಚಪ್ಪಲಿ ಮೆಟ್ಟಿ ರಸ್ತೆಗೆ ಇಳಿದ. ಕರೆಯಬಾರದು ಎಂದುಕೊಳ್ಳುತ್ತಲೇ ಕರೆದೆ. ನಿಂತ. ತಿರುಗಿ ನೋಡಿದ. ನಾನು ಅವನ ಹತ್ತಿರ ಹೋದೆ, ಕಣ್ಣಲ್ಲಿ ಕಣ್ಣಿಟ್ಟು ಹೇಳಬೇಕೆಂದು. "ಹುಲುಗೇಶಾ, ಅದು..." ಅಂದೆ. ಅವನೇ ಕಣ್ಣು ತಗ್ಗಿಸಿಬಿಟ್ಟ. ನಾನು ‘ನಿನ್ನ ಕಣ್ಣಿಗೇ ಕಟ್ಟಿದ್ದು’ ಎನ್ನದೆ ವಾಪಸ್ ಬಂದುಬಿಟ್ಟೆ.