ಕಪ್ಪಾದ ಬಾಟಲಿ

ಪಂಚಾಯ್ತಿಯ ಪಿಡಿಒ ಸಾಹೇಬರಿಗೆ, ನೀರು ಪರೀಕ್ಷೆ ಮಾಡುವ ನಾಗಕ್ಕನ ನಮಸ್ಕಾರ.

ಮಗಳು ಹುಲಿಗೆಮ್ಮ ಹೆತ್ತಿದ್ದಾಳೆ, ಹೆಣ್ಣು ಕೂಸು. ಸೋಮವಾರ ಡ್ಯಾಮಿನ ಮೆಟ್ಟಿಲ ಬಳಿ ಗಂಗೆ ಪೂಜೆ. ಬೀಗರ ಮನೆತನದ ಪದ್ಧತಿಯಂತೆ ಬಾಣಂತಿಯು ಪೂಜೆ ಮುಗಿಸಿ ಆ ಮೆಟ್ಟಿಲ ನೀರನ್ನು ಮೂರು ಬೊಗಸೆ ಕುಡಿಯಬೇಕು. ಕೂಸಿನ ಬಾಯಿಗೂ ಒಂದು ಹನಿ ಬಿಡುತ್ತಾರೆ.

ಹೋದ ತಿಂಗಳು ಅದೇ ಮೆಟ್ಟಿಲ ನೀರು ಪರೀಕ್ಷೆಯ ಬಾಟಲಿಯಲ್ಲಿ ಎರಡೇ ದಿನಕ್ಕೆ ಕಪ್ಪಾಯಿತು. ಕಪ್ಪಾದರೆ ನೀರಿಗೆ ಮಲ ಸೇರಿದೆ ಎಂದು ಕೂಡ್ಲಿಗಿಯ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಊರ ಚರಂಡಿ ಬಂದು ಬೀಳುವುದು ಅಲ್ಲೇ. ನಿಮಗೆ ತೋರಿಸಿದೆ. "ಕಪ್ಪಾಗಿಲ್ಲ ಅಂತ ಬರಿಯಮ್ಮ, ಚರಂಡಿ ತಿರುಗ್ಸೋದು ನನಗೆ ಬಿಡು" ಎಂದಿರಿ. ಬರೆದು ಸಹಿ ಹಾಕಿದೆ. ಚರಂಡಿ ಇವತ್ತಿಗೂ ಅಲ್ಲೇ ಬೀಳುತ್ತಿದೆ.

ಬೋರಿನ ನೀರಲ್ಲಿ ಪೂಜೆ ಮಾಡೋಣವೆಂದು ನಿನ್ನೆ ಬೀಗತಿ ಹೊನ್ನೂರಮ್ಮನವರಿಗೆ ಹೇಳಿದೆ. "ಡ್ಯಾಮಿನ ನೀರು ಚಲೋ ಐತಂತ ನೀವ ಸಹಿ ಹಾಕೀರಲ್ರೀ! ಪಂಚಾಯ್ತಿ ಗ್ವಾಡಿಗೆ ಹಚ್ಯಾರ ನೋಡ್ರಿ" ಎಂದರು.

ಸೋಮವಾರದೊಳಗೆ ಚರಂಡಿ ತಿರುಗುವುದಿಲ್ಲ, ಗೊತ್ತು. ಗೋಡೆಯ ಆ ಹಾಳೆಯನ್ನು ತೆಗೆಸಿ, ಕಪ್ಪಾಗಿದೆ ಎಂದು ಬರೆದು ಹಚ್ಚಿಸಿ. ಆಗದಿದ್ದರೆ ನೀವೂ ಪೂಜೆಗೆ ಬನ್ನಿ. ಮಗಳಿಗಿಂತ ಮೊದಲು ಒಂದು ಬೊಗಸೆ ನಾನು ಕುಡಿಯುತ್ತೇನೆ, ಒಂದು ಬೊಗಸೆ ನೀವು.

ಸಹಿ ಹಾಕಿದವಳು,
ನಾಗಕ್ಕ