ತಮಟೆ ನಿಲ್ಲಿಸಬೇಡ

ಏಪ್ರಿಲ್ 6, ಸೋಮವಾರ

ಇವತ್ತೂ ಪ್ರಾಕ್ಟೀಸ್. ಅಂಗೈಯಲ್ಲಿ ಬೊಬ್ಬೆ. ಹಳೇ ಪೇಪರ್ ಉರಿ ಹಾಕಿ ತಮಟೆ ಕಾಯಿಸಿ ಕಾಯಿಸಿ ಕಣ್ಣೆಲ್ಲ ಹೊಗೆ. ಕಾಯಿಸದಿದ್ದರೆ ಚರ್ಮ ಸಡಿಲ, ಸದ್ದೇ ಏಳುವುದಿಲ್ಲ.

ಗೌತಮ್ ಬೈದ. ನಾಟಕ ಬರೆದವನು ಅವನೇ, ಆಡುವವನೂ ಅವನೇ, ಕ್ಲಾಸ್‌ಮೇಟ್ ಅನ್ನುವ ದಾಕ್ಷಿಣ್ಯ ಒಂಚೂರೂ ಇಲ್ಲ. "ಏನೇ ಆಗ್ಲಿ ಚೈತನ್ಯಾ, ತಮಟೆ ನಿಲ್ಲಿಸ್ಬೇಡ ಕಣೇ. ನಿಂತ್ರೆ ಜನ ಎದ್ದು ಹೋಗ್ತಾರೆ."

ಯೂನಿವರ್ಸಿಟಿಯಲ್ಲಿ ವಾರವಿಡೀ 'ಹಕ್ಕು, ಹೋರಾಟ, ಸೇವೆ' ಉತ್ಸವ. ಹದಿನಾಲ್ಕಕ್ಕೆ, ಅಂಬೇಡ್ಕರ್ ಜಯಂತಿ ದಿನ, ಸಮಾರೋಪ. ನಮ್ಮ ಎಂಎಸ್‌ಡಬ್ಲ್ಯು ಕ್ಲಾಸಿನದು ಬೀದಿ ನಾಟಕ. ಮುರುಗೇಶ್ ಅಣ್ಣನ ಕಥೆ. ಜನವರಿಯಲ್ಲಿ ಕ್ಲೀನ್ ಮಾಡಲು ಅವರನ್ನು ನಮ್ಮದೇ ಯೂನಿವರ್ಸಿಟಿ ಹಾಸ್ಟೆಲ್ ಹಿಂದಿನ ಮಲದ ಗುಂಡಿಗೆ ಇಳಿಸಿದರು. ಉಸಿರುಗಟ್ಟಿ ಸತ್ತರು. ಇಳಿಸಿದ ಕಾಂಟ್ರಾಕ್ಟರ್ ನಾಗೇಂದ್ರ, ಕಾಲು ಜಾರಿ ಬಿದ್ದ ಅಂದ. ಕೇಸ್ ಮುಗಿಯಿತು.

ಈಗ ಉತ್ಸವದ ಶಾಮಿಯಾನ ಅವನದು, ಊಟ ಅವನದು. ಕೊನೇ ದಿನದ 'ಸೇವಾ ರತ್ನ' ಪ್ರಶಸ್ತಿಯೂ ಅವನಿಗೇ! ಥೂ.

ನಾಟಕದ ಕೊನೆಗೆ ನಾನು ಮೂರು ಪೆಟ್ಟು ಹಾಕಬೇಕು. ಆಮೇಲೆ ಗೌತಮ್ ನಾಗೇಂದ್ರನ ಹೆಸರು ಹೇಳುತ್ತಾನೆ.

ಏಪ್ರಿಲ್ 8

ಉಲ್ಲಾಳ ಬಸ್‌ಸ್ಟಾಪಿನಲ್ಲಿ ಗೌತಮ್‌ನನ್ನು ಇಬ್ಬರು ಅಡ್ಡ ಹಾಕಿದರಂತೆ. "ಹೆಸರು ಬಾಯಿಗೆ ಬಂದ್ರೆ ಬಾಯೇ ಇರಲ್ಲ ಮಗಾ." ನಕ್ಕೊಂಡು ಹೇಳಿದ.

ನಮ್ಮ ಹೆಚ್‌ಓಡಿ ಕಾಂತರಾಜು ಸರ್‌ಗೆ ಹೇಳಿದೆವು. "ಹೆಸರು ಯಾಕ್ರಮ್ಮ? ಸಿಂಬಾಲಿಕ್ ಆಗಿ ಮಾಡ್ಬಿಡಿ" ಅಂದರು. ಸತ್ತವರು ಸಿಂಬಾಲಿಕ್ ಆಗಿ ಸತ್ತರಾ ಅಂತ ಕೇಳಬೇಕಿತ್ತು.

ಏಪ್ರಿಲ್ 10

ಇವತ್ತು ಬರೆಯಲು ಆಗುವುದಿಲ್ಲ. ಸ್ನಾನ ಮಾಡಿದರೂ ಕುರ್ತಾದ ರಕ್ತದ ವಾಸನೆ ಮೂಗಿನಲ್ಲೇ ಇದೆ.

ಏಪ್ರಿಲ್ 12, ಭಾನುವಾರ

ಬರೆದುಬಿಡುತ್ತೇನೆ.

ಶುಕ್ರವಾರ ಕ್ಯಾಂಟೀನ್ ಮುಂದೆ ನಾಟಕ. ಮುನ್ನೂರು ಜನ ಇರಬಹುದು. ಮುಂದಿನ ಸಾಲಿನಲ್ಲಿ ಮುರುಗೇಶ್ ಅಣ್ಣನ ಹೆಂಡತಿ ಅಲಮೇಲು ಅಕ್ಕ. ಕೊನೇ ಸೀನ್ ಬಂತು. ಜನರ ಮಧ್ಯದಿಂದ ಮೂವರು ಎದ್ದರು, ಹೆಲ್ಮೆಟ್, ಕೈಯಲ್ಲಿ ಪೈಪು. ಪ್ರೇಕ್ಷಕರ ನಡುವೆ ಕೂತ ನಟರು ಎದ್ದು ಬರುವುದು ಬೀದಿ ನಾಟಕದಲ್ಲಿ ಮಾಮೂಲು. ಗೌತಮ್ ಕೊನೇ ಗಳಿಗೆಯಲ್ಲೂ ಸೀನ್ ಬದಲಾಯಿಸುವ ಆಸಾಮಿ. ಹೊಸಬರನ್ನು ಹಾಕಿದ್ದಾನೆ ಅಂದುಕೊಂಡೆ. ನಮ್ಮ ತಂಡದ ಎಲ್ಲರೂ ಹಾಗೇ ಅಂದುಕೊಂಡರು. ಪಕ್ಕಕ್ಕೆ ಸರಿದು ಜಾಗ ಬಿಟ್ಟರು!

ಮೊದಲ ಏಟು ಗೌತಮ್ ಮಂಡಿಗೆ. ಬಿದ್ದ. ನಾನು ತಮಟೆ ಜೋರು ಮಾಡಿದೆ. ಎರಡನೆಯದು ಮುಖಕ್ಕೆ. ಜನ ಶಿಳ್ಳೆ ಹೊಡೆದರು. ನನ್ನ ಪೆಟ್ಟು, ಅವರ ಪೆಟ್ಟು, ನನ್ನ ಪೆಟ್ಟು, ಅವರ ಪೆಟ್ಟು. ಏನು ಸೂಪರ್ ಆ್ಯಕ್ಟಿಂಗ್ ಗುರು, ಅಂದ ಒಬ್ಬ ಹಿಂದಿನಿಂದ. ಆಮೇಲೆ ಗೌತಮ್ ಹಲ್ಲೊಂದು ಉರುಳಿ ಬಂದು ನನ್ನ ಚಪ್ಪಲಿಗೆ ತಗುಲಿತು.

ಅಲಮೇಲು ಅಕ್ಕ ಓಡಿ ಬಂದರು. "ಅಯ್ಯೋ ಬಿಡ್ರೋ! ಸಾಯ್ತಾನೆ ಕಣ್ರೋ! ನಾಟಕ ಅಲ್ಲ ಇದು!" ಅವನ ಮೇಲೆ ಅಡ್ಡ ಬಿದ್ದರು. ಅವರ ಬೆನ್ನಿಗೂ ಎರಡು ಬಿತ್ತು. ಮೂವರೂ ಗೇಟಿನ ಕಡೆ ಓಡಿದರು. ಸೆಕ್ಯೂರಿಟಿಯವನು ಚಪ್ಪಾಳೆ ತಟ್ಟುತ್ತ ಗೇಟು ತೆಗೆದ.

ಗೌತಮ್ ದವಡೆ ಎರಡು ಕಡೆ ಮುರಿದಿದೆ. ತಂತಿ ಹಾಕಿ ಬಾಯಿ ಮುಚ್ಚಿದ್ದಾರೆ. ಎಡಗಣ್ಣು ಉಳಿಯುವುದು ಕಷ್ಟ ಅಂದರು ಡಾಕ್ಟರು.

ಏಪ್ರಿಲ್ 13

ಕಾಂತರಾಜು ಆಸ್ಪತ್ರೆಗೆ ಬಂದರು, ಆ್ಯಪಲ್ ಹಿಡಿದುಕೊಂಡು. ದವಡೆ ಮುರಿದವನಿಗೆ ಆ್ಯಪಲ್!

"ನಾಟಕದ ಪೈಪು ಮಿಸ್ಸಾಗಿ ತಗುಲ್ತು ಅಂತ ಹೇಳ್ಬಿಡಮ್ಮ. ಜನ ಮೊಬೈಲಲ್ಲಿ ತೆಗೆದ ವಿಡಿಯೋ ಎಲ್ರೂ ನೋಡಿದಾರೆ. ನಿಜವಾಗ್ಲೂ ಹೊಡೀತಿದ್ರೆ ನೀನು ತಮಟೆ ಬಡೀತಾ ಇರ್ತಿದ್ಯಾ?"

ಸ್ಟೇಷನ್‌ನಲ್ಲೂ ಇದೇ ಪ್ರಶ್ನೆ. ನನ್ನ ತಮಟೆಯೇ ಅವರಿಗೆ ಸಾಕ್ಷಿ. ಕಾಂತರಾಜು ಮುಖಕ್ಕೆ ಆ ಆ್ಯಪಲ್ ಜಜ್ಜಬೇಕು ಅನ್ನಿಸಿತು. ಹಲ್ಲು ಕಚ್ಚಿಕೊಂಡೆ. ನನಗಾದರೂ ಕಚ್ಚಲು ಹಲ್ಲಿದೆ. "ನಾಳೆ ಗೆಸ್ಟ್‌ಗಳನ್ನ ತಮಟೆ ಬಡಿದು ಸ್ವಾಗತ ಮಾಡೋದು ನೀನೇ" ಎಂದು ಬೇರೆ ಹೇಳಿ ಹೋದರು.

ಹೋಗಲ್ಲ ಅಂದೆ ಗೌತಮ್‌ಗೆ. ಅವನು ಮಂಚದ ಕಬ್ಬಿಣದ ಮೇಲೆ ಬೆರಳಿಂದ ತಟ್ಟಿದ. ಟಕ್. ಟಕ್. ಟಕ್. ಮೂರು ಪೆಟ್ಟು. ಒಂದೇ ಕಣ್ಣಲ್ಲಿ ನನ್ನನ್ನೇ ನೋಡಿದ. ಅತ್ತುಬಿಟ್ಟೆ.

ಏಪ್ರಿಲ್ 14, ಸಂಜೆ

ಹೇಳಿದೆ.

ತಮಟೆ ಚೆನ್ನಾಗಿ ಕಾಯಿಸಿಕೊಂಡು ಹೋದೆ. ನಾಗೇಂದ್ರನಿಗೆ ಶಾಲು ಹೊದಿಸುವಾಗ ವೇದಿಕೆ ಹತ್ತಿ ಮೂರು ಪೆಟ್ಟು ಹಾಕಿದೆ. "ಮುರುಗೇಶ್ ಅಣ್ಣನ ಗುಂಡೀಲಿ ಕೊಂದೋನು ಈ ನಾಗೇಂದ್ರ! ಗೌತಮ್ ಮುಖ ಒಡೆಸಿದ್ದೂ ಇವ್ನೇ!"

ಚಪ್ಪಾಳೆ ಬಿತ್ತು. ಕಾರ್ಯಕ್ರಮದ ಭಾಗ ಅಂದುಕೊಂಡರು, ದರಿದ್ರದವರು. ನಾಗೇಂದ್ರನೂ ನಗುತ್ತ ತಟ್ಟಿದ.

ಆಗ ಅಲಮೇಲು ಅಕ್ಕನ ಚಪ್ಪಲಿ ಹಾರಿ ಬಂದು ಅವನ ಹಣೆಗೆ ಬಿತ್ತು. ರಕ್ತ ಬಂತು. ನಗು ಹೋಯಿತು. "ಎಳ್ಕೊಂಡೋಗ್ರೋ ಆ ಮುಂಡೇನಾ!" ಅಂತ ಮೈಕ್‌ನಲ್ಲೇ ಅರಚಿದ. ಆಮೇಲೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಎಲ್ಲರ ಮೊಬೈಲುಗಳೂ ಮೇಲೆದ್ದವು.

ಏಪ್ರಿಲ್ 15, ಮಧ್ಯಾಹ್ನ

ಸಂಜೆ ಅಲಮೇಲು ಅಕ್ಕನೂ ನಾನೂ ಸ್ಟೇಷನ್‌ಗೆ ಹೋಗಿ ಹೇಳಿಕೆ ಕೊಡಬೇಕು. ಅಮ್ಮ ಕೆಲಸಕ್ಕೆ ಹೋಗಿದ್ದಾಳೆ. ಬಿಸಿಲಿಗೆ ಉಪನಗರದ ಬೀದಿ ಪೂರ್ತಿ ಬಾಗಿಲು ಹಾಕಿಕೊಂಡು ಮಲಗಿದೆ.

ಕೆಳಗೆ ಬೈಕ್ ನಿಂತ ಸದ್ದು. ಇಣುಕಿದೆ. ಮೂವರು. ಹೆಲ್ಮೆಟ್ ತೆಗೆದಿಲ್ಲ. ಪೊಲೀಸ್‌ಗೆ ಫೋನ್ ಮಾಡಿದೆ, ಗಾಡಿ ಕಳಿಸ್ತೀವಿ ಅಂದರು. ಮೆಟ್ಟಿಲ ಗ್ರಿಲ್ ಬಡಿಯುತ್ತಿದ್ದಾರೆ. ಹಳೇ ಬೀಗ ಅದು.

ತಮಟೆ ಗೋಡೆಯ ಮೊಳೆಯಲ್ಲೇ ಇದೆ. ಕಾಯಿಸಲು ಟೈಮಿಲ್ಲ, ಆದರೂ ಬಡಿಯುತ್ತೇನೆ. ಬಾಲ್ಕನಿಯಲ್ಲಿ ನಿಂತು ಬಡಿದರೆ ಇಡೀ ಬೀದಿ ಹೊರಗೆ ಬರುತ್ತದೆ. ನಾಟಕ ಅಂದುಕೊಂಡೇ ಬರಲಿ. ಬಂದ ಮೇಲೆ ಕೂಗಿ ಹೇಳುತ್ತೇನೆ, ಇದು